ಇಂಜಿನ್ನಿನ ಬಾಯಿಗೆ ಕೈ ಹಾಕಿದ ಡಾಕ್ಟರು

ಹಲ್ಲಿನ ಡಾಕ್ಟರು ಆ ಭಾನುವಾರ ಬೆಳಿಗ್ಗೆ ಕಾಫಿ ಕುಡಿದ ಲೋಟವನ್ನು ಮೇಜಿನ ಮೇಲೆ ಠಣ್ಣೆಂದು ಇಟ್ಟು, ಎದ್ದು ನಿಂತು, ಮನೆಮಂದಿಗೆಲ್ಲ ಕೇಳುವಂತೆ ಪ್ರತಿಜ್ಞೆ ಮಾಡಿದರು.

"ಇವತ್ತು ಆ ಕಾರಿನ ಟಕಟಕ ನಿಲ್ಲಿಸಿಬಿಡ್ತೀನಿ. ಯಾವ ಮೆಕ್ಯಾನಿಕ್ಕೂ ಬೇಡ. ನಾನೇ ಮಾಡ್ತೀನಿ."

ಮನೆಮಂದಿ ಎಂದರೆ ಇಬ್ಬರೇ. ಅವರ ಅಮ್ಮ ಬಟಾಣಿ ಸುಲಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. ಹೆಂಡತಿ ಮಾತ್ರ ಓದುತ್ತಿದ್ದ ಪೇಪರನ್ನು ನಿಧಾನವಾಗಿ ಕೆಳಗಿಳಿಸಿದರು, ಏಕೆಂದರೆ ಕಾರು ಅವರದು. ಅವರು ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಆ ಸ್ಕೂಲಿಗೆ ಕಟ್ಟಡವಿಲ್ಲ, ಬೆಂಚಿಲ್ಲ, ಗಂಟೆಯಿಲ್ಲ. ಇರುವುದೆಲ್ಲ ಆ ಒಂದು ಹಳೆಯ ಬಿಳಿ ಕಾರು, ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇಟ್ಟುಕೊಂಡದ್ದು. ಹನ್ನೊಂದು ವರ್ಷದಲ್ಲಿ ಊರಿನ ಅರ್ಧ ಜನ ಅದರಲ್ಲೇ ಗೇರು ಹಾಕುವುದನ್ನು ಕಲಿತಿದ್ದರು. ಹೀಗಾಗಿ ಊರೆಲ್ಲ ಅವರನ್ನು ಮೇಡಂ ಎನ್ನುತ್ತಿತ್ತು. ನಾವೂ ಹಾಗೆಯೇ ಕರೆಯೋಣ, ಕ್ಷೇಮ.

"ರೀ, ಬೇಡ," ಎಂದರು ಮೇಡಂ.

"ಯಾಕೆ ಬೇಡ?"

"ನಾಳೆ ಹತ್ತು ಗಂಟೆಗೆ ಲಾಂಡ್ರಿ ಅಮ್ಮನ ಟೆಸ್ಟ್ ಇದೆ. ಇದೇ ಕಾರಲ್ಲಿ."

"ಅದಕ್ಕೇ ಮಾಡ್ತಿರೋದು. ಇನ್‌ಸ್ಪೆಕ್ಟರ್ ಬಂದು ಕೂತ್ಕೊಳ್ಳೋ ಕಾರು ಹೊಲಿಗೆ ಮೆಷಿನ್ ಥರ ಬಡ್ಕೊಳ್ತಾ ಇದ್ರೆ ಚೆನ್ನಾಗಿರುತ್ತಾ?"

"ಹನ್ನೊಂದು ವರ್ಷದಿಂದ ಹಾಗೇ ಬಡ್ಕೊಳ್ತಿದೆ. ಇನ್ನೊಂದು ದಿನ ಬಡ್ಕೊಂಡ್ರೆ ಯಾರ ಗಂಟು ಹೋಗುತ್ತೆ?"

ಈ ಲಾಂಡ್ರಿ ಅಮ್ಮನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ವಯಸ್ಸು ಐವತ್ತೆರಡು. ಇಸ್ತ್ರಿ ಪೆಟ್ಟಿಗೆ ಎತ್ತಿ ಎತ್ತಿ ಗಟ್ಟಿಯಾದ ಕೈ, ಸ್ಟಿಯರಿಂಗ್ ಹಿಡಿದ ಕೂಡಲೇ ನಡುಗುವ ಎದೆ. ಮುಂದಿನ ತಿಂಗಳಿನಿಂದ ಆಸ್ಪತ್ರೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದುಕೊಡುವ ಕೆಲಸ ಅವರಿಗೆ ಸಿಕ್ಕಿತ್ತು. ಆದರೆ ದಿನಾ ಬೆಳಿಗ್ಗೆ ತಾವೇ ಬಂದು ಒಯ್ಯಬೇಕು, ತಾವೇ ತಂದುಕೊಡಬೇಕು ಎಂಬ ಕರಾರು. ಅದಕ್ಕಾಗಿ ಒಂದು ವ್ಯಾನು ಕೊಂಡು ಅಂಗಡಿ ಮುಂದೆ ನಿಲ್ಲಿಸಿದ್ದರು. ಅದರ ಅಡಿಯಲ್ಲಿ ಬೆಕ್ಕು ಮರಿ ಹಾಕಿ, ಮರಿಗಳು ದೊಡ್ಡವಾಗಿ ಬೀದಿ ಸುತ್ತುತ್ತಿದ್ದವು, ಲೈಸೆನ್ಸ್ ಮಾತ್ರ ಬಂದಿರಲಿಲ್ಲ. ಮೊದಲ ಟೆಸ್ಟಿನಲ್ಲಿ ದಿಬ್ಬದ ಮೇಲೆ ನಿಲ್ಲಿಸಿದ ಕಾರು ಇನ್‌ಸ್ಪೆಕ್ಟರ್ ಸಮೇತ ಹಿಂದಕ್ಕೆ ಉರುಳಿತ್ತು. ಎರಡನೆಯದರಲ್ಲಿ ಉರುಳಬಾರದೆಂದು ಆಕ್ಸಿಲರೇಟರ್ ತುಳಿದಿದ್ದಕ್ಕೆ ದಿಬ್ಬವನ್ನೇ ಹಾರಿತ್ತು. ಮೂರನೆಯ ಸಲವೂ ಫೇಲಾದರೆ ಮತ್ತೆ ಆರು ತಿಂಗಳು ಕಾಯಬೇಕು. ಆಸ್ಪತ್ರೆ ಅಷ್ಟು ದಿನ ಕೊಳಕು ಹೊದಿಕೆ ಹೊದ್ದು ಮಲಗಿರುವುದಿಲ್ಲ.

ಡಾಕ್ಟರಿಗೆ ಇದೆಲ್ಲ ಗೊತ್ತಿತ್ತು. ಆದರೆ ಮೂರು ದಿನದಿಂದ ಅವರು ಹಳೇ ಪುಸ್ತಕದಂಗಡಿಯಿಂದ ತಂದ ಕಾರು ರಿಪೇರಿಯ ಪುಸ್ತಕವೊಂದನ್ನು ಓದುತ್ತಿದ್ದರು, ಮತ್ತು ಅದರ ಎಪ್ಪತ್ತೊಂದನೇ ಪುಟ ಅವರ ತಲೆಗೆ ಹತ್ತಿಬಿಟ್ಟಿತ್ತು. ಇಂಜಿನ್ನಿನೊಳಗೆ ಎಂಟು ವಾಲ್ವು. ಒಂದೊಂದು ವಾಲ್ವಿನ ತಲೆಗೂ ಅದನ್ನು ಕುಟ್ಟುವ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಟಕಟಕ.

"ಸಂದು!" ಎಂದರು ಡಾಕ್ಟರು, ಬೆರಳೆತ್ತಿ. "ಇಪ್ಪತ್ತು ವರ್ಷದಿಂದ ನಾನು ನೋಡ್ತಿರೋದು ಇನ್ನೇನು? ಮೂವತ್ತೆರಡು ಹಲ್ಲಿನ ಸಂದು ನೋಡೋನಿಗೆ ಎಂಟು ವಾಲ್ವು ಯಾವ ಲೆಕ್ಕ?"

"ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ," ಎಂದರು ಅಮ್ಮ, ಬಟಾಣಿಗಳಿಗೆ ಹೇಳುವಂತೆ.

ಮೇಡಂ ಗಡಿಯಾರ ನೋಡಿದರು. "ಐದು ಗಂಟೆಗೆ ಲಾಂಡ್ರಿ ಅಮ್ಮ ಕೊನೇ ಪ್ರಾಕ್ಟೀಸಿಗೆ ಬರ್ತಾರೆ. ಅಷ್ಟರಲ್ಲಿ ಕಾರು ನನ್ನ ಕೈಗೆ ಬರ್ಬೇಕು."

"ಹನ್ನೆರಡಕ್ಕೇ ಕೊಡ್ತೀನಿ. ಒರೆಸಿ ಕೊಡ್ತೀನಿ."

ಮನೆಯ ಮುಂದಿನ ಕೋಣೆಯೇ ಡಾಕ್ಟರ ಕ್ಲಿನಿಕ್ಕು, ಅದರ ಪಕ್ಕದ ತಗಡಿನ ಮಾಡಿನಡಿ ಕಾರು. ಹಾಗಾಗಿ ಸಲಕರಣೆಗಳಿಗೆ ಬರವಿರಲಿಲ್ಲ. ಡಾಕ್ಟರು ಹಸಿರು ಗೌನು ತೊಟ್ಟರು, ಗ್ಲೌಸು ಹಾಕಿದರು, ಹಣೆಗೆ ದೀಪ ಕಟ್ಟಿಕೊಂಡರು. ಟ್ರೇಯ ಮೇಲೆ ಬಿಳಿ ಬಟ್ಟೆ ಹಾಸಿ, ಸ್ಪ್ಯಾನರುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಎತ್ತರಕ್ಕೆ ತಕ್ಕಂತೆ ಸಾಲಾಗಿ ಜೋಡಿಸಿದರು. ಬಾನೆಟ್ಟು ಎತ್ತಿದರು. ಮೇಡಂ ಒಮ್ಮೆ ಇಣುಕಿ ನೋಡಿ, "ಇಂಜೆಕ್ಷನ್ ಕೊಟ್ರಾ, ಇಲ್ಲ ಹಾಗೇನಾ?" ಎಂದು ಕೇಳಿ ಒಳಗೆ ಹೋದರು. ಹೆಂಡತಿಯ ವ್ಯಂಗ್ಯಕ್ಕೆ ಜಗ್ಗುವ ಆಸಾಮಿಯಲ್ಲ ನಮ್ಮ ಡಾಕ್ಟರು. ನಾಲ್ಕು ಬೋಲ್ಟು ಬಿಚ್ಚಿ ಇಂಜಿನ್ನಿನ ತಲೆಯ ಮುಚ್ಚಳ ತೆಗೆದೇಬಿಟ್ಟರು.

ಅಲ್ಲಿ ಕಂಡದ್ದು ಎಣ್ಣೆ ಮೆತ್ತಿದ, ಫಳಫಳ ಹೊಳೆಯುವ ಎರಡು ಸಾಲು. ಡಾಕ್ಟರ ಮೈ ಜುಂ ಎಂದಿತು. ಬಾಯಿ ತೆರೆದುಕೊಂಡು, ಮಾತಾಡದೆ, ನೋವೆನ್ನದೆ, ಬಿಲ್ಲು ಎಷ್ಟಾಗುತ್ತದೆಂದು ಕೇಳದೆ ಮಲಗಿದ ಇಂಥ ರೋಗಿ ಅವರಿಗೆ ಇಪ್ಪತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ.

ನಿಜ ಹೇಳಬೇಕೆಂದರೆ ಅವರು ಕೆಲಸ ಚೆನ್ನಾಗಿಯೇ ಮಾಡಿದರು. ಇಲ್ಲಿ ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಅಳತೆಗೆಂದು ಬರುವ ಕಾಗದದಂಥ ಉಕ್ಕಿನ ಪಟ್ಟಿಯನ್ನು ಸಂದಿನಲ್ಲಿ ತೂರಿಸಿ, ತಿರುಪು ಬಿಗಿದು, ಸಡಿಲಿಸಿ, ಮತ್ತೆ ಅಳೆದು, ಹಲ್ಲು ನೋಡುವ ಪುಟ್ಟ ಕನ್ನಡಿಯಿಂದ ಹಿಂಬದಿಯನ್ನೂ ನೋಡಿ, ಎಂಟಕ್ಕೆ ಎಂಟನ್ನೂ ಪುಸ್ತಕದಲ್ಲಿದ್ದಂತೆಯೇ ಹೊಂದಿಸಿದರು. ಆಗಿನ್ನೂ ಹನ್ನೊಂದೂವರೆ. ಅಲ್ಲಿಗೇ ಮುಚ್ಚಳ ಮುಚ್ಚಿ ಕೈ ತೊಳೆದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಮುಚ್ಚಳ ಮುಚ್ಚಿದರು. ಒಂದನೇ ಬೋಲ್ಟು ಬಿಗಿದರು, ಎರಡನೆಯದು, ಮೂರನೆಯದು. ನಾಲ್ಕನೆಯದೂ ಬಿಗಿಯಾಯಿತು. ಆದರೆ ಡಾಕ್ಟರಿಗೆ ಯಾಕೋ ಇನ್ನೊಂದು ಚೂರು ಬಿಗಿಯಲಿ ಎನ್ನಿಸಿತು.

ಇದು ಅವರ ಕಸುಬಿನಿಂದ ಬಂದ ಅಭ್ಯಾಸ. ರೋಗಿ ಕುರ್ಚಿಯಲ್ಲಿ ಒರಗಿದ ಕೂಡಲೇ ಡಾಕ್ಟರು ಹೇಳುವ ಮೊದಲ ಮಾತು, "ನೋವಾದರೆ ಕೈ ಎತ್ತಿ." ಆಮೇಲೆ ಅವರು ಕೈ ಏಳುವ ತನಕ ಒತ್ತುತ್ತಾರೆ, ಎದ್ದರೆ ನಿಲ್ಲಿಸುತ್ತಾರೆ. ಎಷ್ಟು ಒತ್ತಬೇಕೆಂದು ಅವರು ಎಂದೂ ಲೆಕ್ಕ ಹಾಕಿದವರಲ್ಲ. ಅದನ್ನು ರೋಗಿಯ ಕೈ ಹೇಳುತ್ತಿತ್ತು. ಈಗಲೂ ಸ್ಪ್ಯಾನರ್ ಹಿಡಿದು ಒತ್ತಿದರು. ಇಂಜಿನ್ನು ಸುಮ್ಮನಿತ್ತು. ಇನ್ನೊಂದು ಚೂರು ಒತ್ತಿದರು. ಆಗಲೂ ಸುಮ್ಮನಿತ್ತು. ಪಾಪ, ಇಂಜಿನ್ನಿಗೆ ಕೈ ಇಲ್ಲ.

ಕರಕ್ಕೆಂದಿತು. ಆಮೇಲೆ ಸ್ಪ್ಯಾನರು ಬೆಣ್ಣೆಯಲ್ಲಿ ತಿರುಗಿದಂತೆ ಸಲೀಸಾಗಿ ತಿರುಗತೊಡಗಿತು.

ಡಾಕ್ಟರು ಸ್ಪ್ಯಾನರು ಪಕ್ಕಕ್ಕಿಟ್ಟರು. ಬೋಲ್ಟನ್ನು ಎರಡು ಬೆರಳಲ್ಲಿ ಹಿಡಿದೆಳೆದರೆ ಕೈಗೇ ಬಂತು. ಅದರ ಸುತ್ತ ಅಲ್ಯೂಮಿನಿಯಮ್ಮಿನ ಹೊಳೆಯುವ ಸುರುಳಿ. ಇಂಜಿನ್ನಿನ ತಲೆಯಲ್ಲಿ ಬೋಲ್ಟು ಕಚ್ಚಿಕೊಳ್ಳಬೇಕಾದ ಮರೆಗಳು, ಅಂದರೆ ಸುರುಳಿ ಗೀರುಗಳೆಲ್ಲ ಕಿತ್ತು, ಅಲ್ಲೊಂದು ನುಣುಪಾದ ತೂತು ಅವರನ್ನೇ ನೋಡುತ್ತಿತ್ತು.

"ಆಯ್ತಾ?" ಒಳಗಿನಿಂದ ಮೇಡಂ ದನಿ.

"ಆಯ್ತು. ಸಣ್ಣಪುಟ್ಟದ್ದು ಬಾಕಿ."

"ಸಣ್ಣದಾ, ಪುಟ್ಟದಾ?"

ಡಾಕ್ಟರು ಮತ್ತೆ ಇಂಜಿನ್ನಿನ ಮೇಲೆ ಬಗ್ಗಿದರು. ಆ ತೂತನ್ನು ನೋಡುತ್ತಾ ನೋಡುತ್ತಾ ಅವರ ಮುಖ ಅರಳಿತು. ತೂತು! ತೂತು ತುಂಬುವುದೇ ತಮ್ಮ ಅನ್ನವಲ್ಲವೇ? ಓಡಿದರು ಕ್ಲಿನಿಕ್ಕಿಗೆ. ಹತ್ತಿಯುಂಡೆ, ಗಾಳಿ ಊದುವ ನಳಿಗೆ, ಹಲ್ಲಿಗೆ ತುಂಬುವ ಬಿಳಿ ಮಸಾಲೆ, ಅದನ್ನು ಗಟ್ಟಿ ಮಾಡುವ ನೀಲಿ ಬೆಳಕಿನ ಯಂತ್ರ, ಎಲ್ಲವನ್ನೂ ಬಾಚಿಕೊಂಡು ಬಂದರು. ತೂತನ್ನು ತೊಳೆದರು, ಒಣಗಿಸಿದರು, ಸುತ್ತ ಹತ್ತಿ ಇಟ್ಟರು. ಬೋಲ್ಟಿಗೆ ವ್ಯಾಸಲೀನು ಸವರಿ, ಮಸಾಲೆ ತುಂಬಿದ ತೂತಿಗೆ ಮೆಲ್ಲಗೆ ಇಳಿಸಿ, ನೀಲಿ ಬೆಳಕು ಹಿಡಿದು ಇಪ್ಪತ್ತರವರೆಗೆ ಎಣಿಸಿದರು. ಹಾಗೆ ನಾಲ್ಕು ಸಲ. ಆಮೇಲೆ ಬೋಲ್ಟನ್ನು ತಿರುಗಿಸಿದರೆ ಅದು ಜಂಬದಿಂದ ಬಿಗಿದುಕೊಂಡಿತು. ಡಾಕ್ಟರು ಅಲ್ಲೇ ಒಂದು ಸುತ್ತು ಕುಣಿದರು, ಗೌನಿನ ಸಮೇತ.

ಕೀಲಿ ತಿರುಗಿಸಿದರು. ಇಂಜಿನ್ನು ಹತ್ತಿಕೊಂಡಿತು.

"ಬನ್ನಿ, ಎಲ್ಲರೂ ಬನ್ನಿ! ಅಮ್ಮಾ, ನೀನೂ ಬಾ. ಕೇಳಿ ಇಲ್ಲಿ."

ಅತ್ತೆ ಸೊಸೆ ಬಂದು ನಿಂತು ಕಿವಿಗೊಟ್ಟರು, ಅತ್ತೆಯ ಕಂಕುಳಲ್ಲಿ ಬಟಾಣಿ ಬುಟ್ಟಿ.

"ಏನೂ ಕೇಳಿಸ್ತಿಲ್ವಲ್ರೀ," ಎಂದರು ಮೇಡಂ.

"ಅದನ್ನೇ ಕೇಳು ಅಂದಿದ್ದು."

ಮೇಡಂ ಬಗ್ಗಿ ನೋಡಿದರು. ನಿಜವಾಗಿಯೂ ಸದ್ದಿರಲಿಲ್ಲ. ಬರೀ ಗುಂ ಎಂಬ ಮೆಲುದನಿ. ಅವರ ಮುಖದಲ್ಲಿ ಮೆಚ್ಚುಗೆ ಇಣುಕಿತು. ಇಣುಕಿದ್ದನ್ನು ಡಾಕ್ಟರು ಕಣ್ಣಾರೆ ಕಂಡರು, ಮತ್ತು ಆ ಸಂತೋಷಕ್ಕೆ ಸರಿಯಾಗಿ ಹತ್ತು ನಿಮಿಷ ಆಯಸ್ಸಿತ್ತು. ಇಂಜಿನ್ನು ಕಾದಿತು. ಎಣ್ಣೆ ಕಾದಿತು. ಮಸಾಲೆಗೆ ಹಲ್ಲಿನ ಸಹವಾಸ ಗೊತ್ತು, ಕುದಿಯುವ ಎಣ್ಣೆಯ ಸಹವಾಸ ಗೊತ್ತಿಲ್ಲ. ಪಟ್ಟೆಂದು ಬೋಲ್ಟು ಸಿಡಿದು ತಗಡಿನ ಮಾಡಿಗೆ ಬಡಿದು ಅಮ್ಮನ ಬಟಾಣಿ ಬುಟ್ಟಿಗೆ ಬಿತ್ತು. ಮುಚ್ಚಳದ ಮೂಲೆಯಿಂದ ಎಣ್ಣೆ ಜಿನುಗಿ, ಬಿಸಿ ಕೊಳವೆಯ ಮೇಲೆ ಇಳಿದು, ಬುಸ್ಸೆಂದು ಹೊಗೆ ಎದ್ದಿತು. ಮೇಡಂ ಹೊಗೆಯ ನಡುವೆ ಕಾರಿನ ಕಿಟಕಿಯೊಳಗೆ ಕೈ ಹಾಕಿ, ಕೀಲಿ ತಿರುಗಿಸಿ ಇಂಜಿನ್ನು ಆರಿಸಿದರು. ಹೊಗೆ ಕರಗಿದಾಗ ಡಾಕ್ಟರು ಇಂಗು ತಿಂದ ಮಂಗನಂತೆ ನಿಂತಿದ್ದರು, ಕೈಯಲ್ಲಿ ನೀಲಿ ದೀಪ ಇನ್ನೂ ಉರಿಯುತ್ತಿತ್ತು.

ಅಮ್ಮ ಬುಟ್ಟಿಯಿಂದ ಬೋಲ್ಟು ಎತ್ತಿದರು. ಅದರ ತುದಿಗೆ ಬಿಳಿ ಮಸಾಲೆ ಅಚ್ಚುಕಟ್ಟಾಗಿ ಅಂಟಿಕೊಂಡಿತ್ತು. "ನೀನು ತುಂಬಿದ್ದು ಬಿದ್ದೋಯ್ತು ಕಣೋ," ಎಂದರು.

ಇದೇ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಡಾಕ್ಟರ ಬಳಿ ಉತ್ತರ ಸಿದ್ಧವಿತ್ತು: ನೀವು ಗಟ್ಟಿ ಪದಾರ್ಥ ಕಚ್ಚಿದ್ದೀರಿ. ಅಮ್ಮನಿಗೆ ಹಾಗೆ ಹೇಳುವ ಧೈರ್ಯ ಬರಲಿಲ್ಲ.

"ಈಗ ಎರಡು ಗಂಟೆ," ಎಂದರು ಮೇಡಂ. ಕೂಗಲಿಲ್ಲ. ಕೂಗಿದ್ದರೆ ಡಾಕ್ಟರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಮೆಕ್ಯಾನಿಕ್ಕನ್ನ ಕರೀತೀರಾ, ನಾನು ಕರೀಲಾ?"

"ಅವನು ಬೇಡ."

"ಯಾಕೆ?"

ಯಾಕೆಂದರೆ, ಹೋದ ತಿಂಗಳು ಆ ಮೆಕ್ಯಾನಿಕ್ಕು ಅಲ್ಲಾಡುವ ತನ್ನ ಹಲ್ಲನ್ನು ತಾನೇ ಇಕ್ಕಳದಿಂದ ಕೀಳಲು ಹೋಗಿ, ಅರ್ಧ ಮುರಿದು, ಕೆನ್ನೆ ಊದಿಸಿಕೊಂಡು ಕ್ಲಿನಿಕ್ಕಿಗೆ ಬಂದಿದ್ದ. ಡಾಕ್ಟರು ಅವನ ಬಾಯಿ ತೆರೆಸಿ, ಕೊಕ್ಕೆ ಹಾಕಿ, ಹತ್ತಿ ತುರುಕಿ, ಅವನು ತಿರುಗಿ ಒಂದಕ್ಷರ ಆಡುವಂತಿಲ್ಲ ಎಂದು ಖಾತ್ರಿಯಾದ ಮೇಲೆ, "ಯಾರ ಕೆಲಸ ಯಾರು ಮಾಡಬೇಕು" ಎಂಬ ವಿಷಯದ ಮೇಲೆ ಕಾಲು ಗಂಟೆ ಭಾಷಣ ಮಾಡಿದ್ದರು. ಅವನು ಆ ಕಾಲು ಗಂಟೆಯೂ ಅವರನ್ನೇ ದಿಟ್ಟಿಸಿ ನೋಡುತ್ತಿದ್ದ.

ಕಡೆಗೆ ಮೇಡಮ್ಮೇ ಕರೆದರು. ಮೆಕ್ಯಾನಿಕ್ಕು ಭಾನುವಾರದ ನಿದ್ದೆ ಬಿಟ್ಟು, ಡಬ್ಬಿ ಹಿಡಿದು ಅರ್ಧ ಗಂಟೆಯಲ್ಲಿ ಬಂದ. ಸಾಲಾಗಿ ಜೋಡಿಸಿದ ಸ್ಪ್ಯಾನರುಗಳನ್ನು ನೋಡಿದ. ಹತ್ತಿಯುಂಡೆಗಳನ್ನು ನೋಡಿದ. ಬಿಳಿ ಮಸಾಲೆ ಅಂಟಿದ ಬೋಲ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಡಾಕ್ಟ್ರೇ, ಇದೇನು?"

"ಫಿಲ್ಲಿಂಗು," ಎಂದರು ಡಾಕ್ಟರು, ನೆಲ ನೋಡುತ್ತ.

ಮೆಕ್ಯಾನಿಕ್ಕು ನಗಲಿಲ್ಲ. ಡಬ್ಬಿ ತೆರೆದ. "ಸ್ವಲ್ಪ ದೀಪ ಹಿಡೀರಿ. ಆ ಕೈಯಲ್ಲಿ ಈ ಮುಚ್ಚಳ ಹಿಡೀರಿ. ಹಾಂ, ಈ ಬೋಲ್ಟುಗಳು ಕಳೆದುಹೋದಾವು, ಇಡೋಕೆ ಜಾಗ ಇಲ್ಲ. ಬಾಯಲ್ಲಿ ಕಚ್ಕೊಳ್ಳಿ. ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ. ಹಾಂ, ಸಾಕು."

ನಾಲ್ಕು ಬೋಲ್ಟುಗಳು ಡಾಕ್ಟರ ಹಲ್ಲಿನ ನಡುವೆ ಭದ್ರವಾದ ಮೇಲೆ ಅವನು ಭಾಷಣ ಶುರು ಮಾಡಿದ.

"ನೋಡಿ ಡಾಕ್ಟ್ರೇ, ಪ್ರತಿಯೊಂದಕ್ಕೂ ಕಲಿತವರು ಅಂತ ಇರ್ತಾರೆ. ಮನೇಲಿ ಒಂದು ಸಾಮಾನಿದೆ ಅಂತ ಕೈ ಹಾಕಿಬಿಡೋದಾ? ತೊಂದರೆ ಬಂದ ಕೂಡ್ಲೇ ತೋರಿಸಿದ್ರೆ ಐದು ನಿಮಿಷದ ಕೆಲಸ. ಜನ ಏನ್ಮಾಡ್ತಾರೆ, ತಾವೇ ಕಿತ್ತು, ತಾವೇ ಕೆಡಿಸಿ, ಎಲ್ಲಾ ಹಾಳಾದ್ಮೇಲೆ ನಮ್ಮ ಹತ್ರ ಬರ್ತಾರೆ. ಭಯ ಯಾಕೆ ಪಡ್ತೀರಿ? ನಾವೇನು ತಿಂದ್ಬಿಡ್ತೀವಾ?"

ಒಂದೊಂದು ಮಾತೂ ಡಾಕ್ಟರದೇ. ಒಂದು ಪದ ಆಚೀಚೆಯಾಗಿರಲಿಲ್ಲ. ಡಾಕ್ಟರು "ಊಂ, ಊಂ" ಎಂದರು. ಮೇಡಂ ಬಾಗಿಲಿಗೆ ಒರಗಿ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭಾಷಣವನ್ನು ಪೂರ್ತಿ ಕೇಳಿದರು.

ಮಾತಿನ ಜೊತೆಗೆ ಅವನ ಕೈಯೂ ಓಡುತ್ತಿತ್ತು. ಪುಡಿ ಒಳಗೆ ಬೀಳದಂತೆ ಡ್ರಿಲ್ಲಿನ ಮೂತಿಗೆ ಗ್ರೀಸು ಮೆತ್ತಿ, ಕೆಟ್ಟ ತೂತನ್ನು ಒಂದಿಷ್ಟು ಅಗಲ ಮಾಡಿದ. ಅದರೊಳಗೆ ಹೊಸ ಮರೆ ಕೊರೆದ. ಆಮೇಲೆ, ಒಳಗೂ ಹೊರಗೂ ಮರೆಯಿರುವ ಪುಟ್ಟದೊಂದು ಉಕ್ಕಿನ ಕೊಳವೆಗೆ ಅಂಟು ಸವರಿ, ತಿರುಗಿಸುತ್ತಾ ತೂತಿನೊಳಗೆ ಇಳಿಸಿದ. ಇನ್ನು ಬೋಲ್ಟು ಕಚ್ಚಿಕೊಳ್ಳುವುದು ಅಲ್ಯೂಮಿನಿಯಮ್ಮನ್ನಲ್ಲ, ಈ ಉಕ್ಕನ್ನು. ಡಾಕ್ಟರ ಕಣ್ಣು ಅಗಲವಾಯಿತು. ದವಡೆಯ ಮೂಳೆ ಕೊರೆದು ತಿರುಪಿನ ಹಲ್ಲು ಕೂರಿಸುವ ಇಂಪ್ಲಾಂಟೂ ಥೇಟ್ ಹೀಗೆಯೇ! ವರ್ಷಕ್ಕೆ ನಲವತ್ತು ಜನಕ್ಕೆ ತಾವು ಮಾಡುವ ಕೆಲಸ. ಎದುರಿಗಿದ್ದರೂ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. "ಇಂಹ್ಲಾಂಹ್ಟು, ಇಂಹ್ಲಾಂಹ್ಟು," ಎಂದು ಬೋಲ್ಟುಗಳ ನಡುವಿನಿಂದ ಒದ್ದಾಡಿದರು.

"ನೋವಾದ್ರೆ ಕೈ ಎತ್ತಿ," ಎಂದ ಮೆಕ್ಯಾನಿಕ್ಕು.

ನಾಲ್ಕೂಕಾಲಿಗೆ ಕೆಲಸ ಮುಗಿಯಿತು. ಹೋಗುವಾಗ ಅವನು ಎರಡು ಮಾತು ಹೇಳಿದ. ಒಂದು, "ವಾಲ್ವು ಮಾತ್ರ ಚೆನ್ನಾಗಿ ಹೊಂದಿಸಿದ್ದೀರಿ ಡಾಕ್ಟ್ರೇ, ನನಗೂ ಇಷ್ಟು ನುಣ್ಣಗೆ ಬರಲ್ಲ." ಇದನ್ನು ಕೇಳಿ ಡಾಕ್ಟರು ಮತ್ತೆ ಒಂದು ಗೇಣು ಎತ್ತರವಾದರು. ಎರಡನೆಯದು, "ಗಾಡಿ ಓಡಿಸಿ, ತೊಂದರೆ ಇಲ್ಲ. ಆದರೆ ಅಂಟು ಪೂರ್ತಿ ಗಟ್ಟಿಯಾಗಬೇಕು. ನಾಳೆ ಸಂಜೆವರೆಗೆ ಆ ಮುಚ್ಚಳದ ತಂಟೆಗೆ ಯಾರೂ ಹೋಗಬಾರದು." ಇದನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಐದಕ್ಕೆ ಸರಿಯಾಗಿ ಲಾಂಡ್ರಿ ಅಮ್ಮ ಬಂದರು. ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದಂಥ ಮುಖ. ಡಾಕ್ಟರು ತಾವೇ ಕಾರಿನ ಬಾಗಿಲು ತೆರೆದು ಕೂರಿಸಿ, ನೋಡಲು ಮೆಟ್ಟಿಲ ಮೇಲೆ ನಿಂತರು. ಲಾಂಡ್ರಿ ಅಮ್ಮ ಕೀಲಿ ತಿರುಗಿಸಿದರು. ಇಂಜಿನ್ನು ಹತ್ತಿಕೊಂಡಿತು, ಗುಂ ಎಂದಿತು. ಅವರು ಸ್ವಲ್ಪ ಹೊತ್ತು ಕಾದು, ಮತ್ತೆ ಕೀಲಿ ತಿರುಗಿಸಿದರು.

ಓಡುತ್ತಿರುವ ಇಂಜಿನ್ನಿಗೆ ಮತ್ತೆ ಕೀಲಿ ತಿರುಗಿಸಿದರೆ ಬರುವ ಕರ್ರ್ ಎಂಬ ಆರ್ತನಾದಕ್ಕೆ ಬೀದಿಯ ಎರಡು ಕಿಟಕಿ ತೆರೆದುಕೊಂಡವು.

"ಸ್ಟಾರ್ಟ್ ಆಗಿದೆ ಅಮ್ಮ," ಎಂದರು ಪಕ್ಕದಲ್ಲಿದ್ದ ಮೇಡಂ.

"ಎಲ್ಲಿ ಮೇಡಂ? ಉಸಿರೇ ಆಡ್ತಿಲ್ವಲ್ಲ."

"ಆಡ್ತಿದೆ. ಕ್ಲಚ್ ನಿಧಾನವಾಗಿ ಬಿಡಿ."

ಲಾಂಡ್ರಿ ಅಮ್ಮ ಬಿಟ್ಟರು. ಕಾರು ಒಮ್ಮೆ ಎಗರಿ ನಿಂತುಹೋಯಿತು. ಮತ್ತೆ ಹಚ್ಚಿದರು, ಮತ್ತೆ ಎಗರಿತು. ಏಳು ಸಲ ಹೀಗಾಯಿತು. ಎಂಟನೆಯ ಸಲ ಅವರು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅತ್ತೇಬಿಟ್ಟರು. "ಇದು ನನ್ನ ಕಾರಲ್ಲ ಮೇಡಂ. ನನ್ನ ಕಾರು ಮಾತಾಡ್ತಿತ್ತು. ಕ್ಲಚ್ ಬಿಡ್ತಾ ಬಿಡ್ತಾ ಟಕ್... ಟಕ್... ಅಂತ ನಿಧಾನ ಆಗ್ತಿತ್ತು, ಆಗ ನಾನು ಕಾಲು ಅಲ್ಲೇ ಹಿಡೀತಿದ್ದೆ. ಈಗ ಎಲ್ಲಿ ಅಂತ ಹಿಡೀಲಿ? ಎರಡು ಸಲ ಫೇಲಾದ ಮೇಲೆ ಮೂರು ತಿಂಗಳು ಆ ಸದ್ದು ಕೇಳಿ ಕೇಳಿ ಕಲ್ತಿದ್ದೆ. ನಾಳೆ ಏನ್ಮಾಡ್ಲಿ?"

ಮೇಡಂ ಕಾರಿನಿಂದ ಇಳಿದರು. ಅವರ ಮುಖ ಬಿಳಿಚಿಕೊಂಡಿತ್ತು, ಏಕೆಂದರೆ ಆಗಷ್ಟೇ ಅವರಿಗೂ ಹೊಳೆದಿತ್ತು: ಹನ್ನೊಂದು ವರ್ಷದಿಂದ ತಾವು ಎಲ್ಲರಿಗೂ ಕಲಿಸಿದ್ದು ಆ ಸದ್ದನ್ನೇ. ಕಣ್ಣು ರಸ್ತೆ ಮೇಲೆ, ಕಿವಿ ಇಂಜಿನ್ ಮೇಲೆ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಆ ಕಿವಿಗೆ ಬೀಳುತ್ತಿದ್ದದ್ದು ಈ ಟಕಟಕವೇ ಎಂದು ಎಂದೂ ಯೋಚಿಸಿರಲಿಲ್ಲ.

"ರೀ," ಎಂದರು, "ಸದ್ದು ವಾಪಸ್ ಹಾಕಿ."

"ವಾಪಸ್ಸಾ?"

"ಹೇಗಿತ್ತೋ ಹಾಗೆ. ಈಗಲೇ."

"ಅದಕ್ಕೆ ಮುಚ್ಚಳ ತೆಗೀಬೇಕು. ನಾಳೆ ಸಂಜೆವರೆಗೆ ಮುಟ್ಟಬಾರದು ಅಂತ..." ಎನ್ನುತ್ತ ಡಾಕ್ಟರು ಬಾನೆಟ್ಟಿನ ಕಡೆ ಬೆರಳು ತೋರಿಸಿದರು. ತಮ್ಮ ಜೀವಮಾನದಲ್ಲಿ ಮಾಡಿದ ಅತ್ಯಂತ ಸರಿಯಾದ ಕೆಲಸವೇ ಒಬ್ಬ ಹೆಂಗಸಿನ ಅನ್ನಕ್ಕೆ ಕಲ್ಲು ಹಾಕುತ್ತಿದೆ ಎಂದು ಅವರಿಗೆ ಅರ್ಥವಾಯಿತು. ನಿಜಕ್ಕೂ ನಾಚಿಕೆಯಾಯಿತು. ಲಾಂಡ್ರಿ ಅಮ್ಮನ ಮುಖ ನೋಡಲಾಗದೆ ಚಕ್ರ ನೋಡುತ್ತ ನಿಂತರು.

ಅಮ್ಮ ಬಟಾಣಿ ಸಿಪ್ಪೆ ಎಸೆಯಲು ಹೊರಗೆ ಬಂದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಇದಕ್ಕೇನು ಅಷ್ಟು ತಲೆ ಕೆಡಿಸ್ಕೊಳ್ಳೋದು? ಸದ್ದು ತೆಗೆದವನು ಇವನು. ಹಿಂದಿನ ಸೀಟಲ್ಲಿ ಕೂತು ಇವನೇ ಹಾಕಲಿ."

ಎಲ್ಲರೂ ನಕ್ಕರು, ಮೇಡಂ ಒಬ್ಬರನ್ನು ಬಿಟ್ಟು. ಮೇಡಂ ಹಿಂದಿನ ಬಾಗಿಲು ತೆರೆದು, "ಕೂತ್ಕೊಳ್ಳಿ," ಎಂದರು.

ಕೂತರು. ಮೊದಲು ನಾಲಿಗೆಯಿಂದ ಟಕ್ ಟಕ್ ಎನಿಸಿ ನೋಡಿದರು. ಎರಡು ಬೀದಿ ದಾಟುವಷ್ಟರಲ್ಲಿ ಬಾಯಿ ಒಣಗಿತು. ಬೆರಳಿಂದ ಬಾಗಿಲು ಕುಟ್ಟಿದರು. ಯಾರೋ ಇಳಿಯಬೇಕಂತೆ ಎಂದು ಲಾಂಡ್ರಿ ಅಮ್ಮ ಬ್ರೇಕು ಹಾಕಿದರು. ಕಡೆಗೆ ಹಲ್ಲಿಗೆ ಹಲ್ಲು ಕುಟ್ಟಿದರು. ಟಕ, ಟಕ, ಟಕ, ಟಕ.

"ಬಂತು," ಎಂದರು ಲಾಂಡ್ರಿ ಅಮ್ಮ, ಬೆನ್ನು ನೆಟ್ಟಗೆ ಮಾಡಿ. "ಜೀವ ಬಂತು ನೋಡಿ ಮೇಡಂ."

ಹಲ್ಲು ಕುಟ್ಟಬೇಡಿ, ಕಡಿಯಬೇಡಿ, ಸವೆಯುತ್ತವೆ ಎಂದು ಊರಿಗೆಲ್ಲ ಬುದ್ಧಿ ಹೇಳುವ ಡಾಕ್ಟರು ಅಂದು ಕತ್ತಲಾಗುವ ತನಕ ಊರೆಲ್ಲ ಹಲ್ಲು ಕುಟ್ಟುತ್ತ ಸುತ್ತಿದರು. ಮೇಡಂ ಹಾಡು ಕಲಿಸುವವರಂತೆ ತಾಳ ಹಾಕುತ್ತಿದ್ದರು. "ಗೇರು ಹಾಕಿದ್ರು, ಜೋರು. ಈಗ ಕ್ಲಚ್ ಬಿಡ್ತಿದ್ದಾರೆ, ನಿಧಾನ. ನಿಧಾನ ಅಂದೆ. ಕಾರಿನ ನಡುಕ ನೋಡ್ಕೊಂಡು ಕುಟ್ಟಿ. ಹಾಂ." ಏಳು ಗಂಟೆ ಹೊತ್ತಿಗೆ ಲಾಂಡ್ರಿ ಅಮ್ಮ ಐದು ದಿಬ್ಬ ಹತ್ತಿದ್ದರು, ಡಾಕ್ಟರಿಗೆ ಗಂಜಿ ಬಿಟ್ಟು ಬೇರೇನನ್ನೂ ತಿನ್ನಲಾಗಲಿಲ್ಲ.

ಮರುದಿನ ಹತ್ತು ಗಂಟೆ. ಟೆಸ್ಟಿನ ಮೈದಾನ. ಇನ್‌ಸ್ಪೆಕ್ಟರು ಹೆಚ್ಚು ಮಾತಿನವರಲ್ಲ. ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಒಬ್ಬರು ಕೂರಬಹುದೆಂಬ ನಿಯಮ ಇತ್ತು. ಯಾವಾಗಲೂ ಮೇಡಂ ಕೂರುವ ಆ ಜಾಗದಲ್ಲಿ ಇಂದು ಡಾಕ್ಟರು, ಟೈ ಕಟ್ಟಿಕೊಂಡು, ತುಟಿ ಬಿಗಿದುಕೊಂಡು. ಮೇಡಂ ಬೇಲಿಯಾಚೆ ನಿಂತರು.

ಕೀಲಿ ತಿರುಗಿತು. ಟಕ, ಟಕ, ಟಕ. ಇನ್‌ಸ್ಪೆಕ್ಟರು ಒಮ್ಮೆ ಬಾನೆಟ್ಟು ನೋಡಿದರು, ಒಮ್ಮೆ ಕನ್ನಡಿ ನೋಡಿದರು. ಡಾಕ್ಟರು ತುಟಿ ತೆರೆಯದೆ ಮುಗುಳ್ನಕ್ಕರು, ಕುಟ್ಟುವುದನ್ನು ನಿಲ್ಲಿಸಲಿಲ್ಲ. ಕಾರು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಎರಡು ಕಂಬಗಳ ನಡುವೆ ಹಿಂದಕ್ಕೆ ಹೋಗಿ ನಿಂತಿತು. ಎಲ್ಲ ಸರಿ. ಇನ್ನು ದಿಬ್ಬ.

ದಿಬ್ಬದ ನಡುವೆ ಕಾರು ನಿಲ್ಲಿಸಿದರು. ಈಗ ಹಿಂದಕ್ಕೆ ಒಂದು ಅಡಿಯೂ ಉರುಳದೆ ಮುಂದೆ ಹೋಗಬೇಕು. ಲಾಂಡ್ರಿ ಅಮ್ಮನ ಕತ್ತಿನ ಮೇಲೆ ಬೆವರ ಹನಿ ಇಳಿಯುತ್ತಿದ್ದದ್ದು ಡಾಕ್ಟರಿಗೆ ಕಾಣುತ್ತಿತ್ತು. ಹಿಂದೆ ಆಳ, ಮುಂದೆ ಆಸ್ಪತ್ರೆಯ ನೂರಾರು ಹೊದಿಕೆ. ಡಾಕ್ಟರು ಸೀಟಿನ ಸಂದಿನಿಂದ ಅವರ ಎಡಗಾಲನ್ನೇ ನೋಡುತ್ತ, ಪ್ರಾಣವನ್ನೆಲ್ಲ ಹಲ್ಲಿಗೆ ತಂದುಕೊಂಡು ಕುಟ್ಟಿದರು. ಟಕಟಕಟಕಟಕ. ಕಾಲು ಮೇಲೆದ್ದಿತು. ಕಾರು ನಡುಗಿತು. ಟಕ... ಟಕ... ಟಕ್... ಕಾಲು ಅಲ್ಲೇ ನಿಂತಿತು. ಹ್ಯಾಂಡ್ ಬ್ರೇಕು ಇಳಿಯಿತು. ಕಾರು ಒಂದು ಕ್ಷಣ ಹಿಂದೂ ಇಲ್ಲ ಮುಂದೂ ಇಲ್ಲ ಎನ್ನುವಂತೆ ನಿಂತು, ಆಮೇಲೆ ಮೆಲ್ಲಗೆ, ಬಲು ಮೆಲ್ಲಗೆ, ದಿಬ್ಬ ಹತ್ತಿತು. ಡಾಕ್ಟರ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಸಂತೋಷಕ್ಕೆ, ಸ್ವಲ್ಪ ದವಡೆಗೆ.

ಇನ್‌ಸ್ಪೆಕ್ಟರು ಕಾಗದಕ್ಕೆ ಸಹಿ ಹಾಕಿ ಲಾಂಡ್ರಿ ಅಮ್ಮನ ಕೈಗೆ ಕೊಟ್ಟರು. "ಪಾಸ್," ಎಂದರು. ಲಾಂಡ್ರಿ ಅಮ್ಮ ಆ ಕಾಗದವನ್ನು ಎದೆಗೊತ್ತಿಕೊಂಡು, ಬೇಲಿಯ ಕಡೆ ಓಡಿ ಮೇಡಂ ಕೈ ಹಿಡಿದು ಕುಣಿದೇಬಿಟ್ಟರು. ಡಾಕ್ಟರು ಕಾರಿನಿಂದಿಳಿದು ಕೆನ್ನೆ ಒತ್ತಿಕೊಳ್ಳುತ್ತ ಅಲ್ಲಿಗೆ ಬರುವಷ್ಟರಲ್ಲಿ ಇನ್‌ಸ್ಪೆಕ್ಟರು ಮೇಡಂ ಬಳಿ ಮಾತಾಡುತ್ತಿದ್ದರು.

"ಗಾಡಿ ಚೆನ್ನಾಗಿ ಇಟ್ಟಿದ್ದೀರಿ ಮೇಡಂ. ಹಳೇದಾದ್ರೂ ಇಂಜಿನ್ ಸದ್ದೇ ಇಲ್ಲ. ಯಾರು ಕೆಲಸ ಮಾಡಿದ್ದು?"

ಡಾಕ್ಟರ ಎದೆ ಉಬ್ಬಿತು. ನೋಯುವ ಬಾಯನ್ನು ಕಷ್ಟಪಟ್ಟು ತೆರೆದು "ನಾನೇ" ಎನ್ನಬೇಕು, ಅಷ್ಟರಲ್ಲಿ ಇನ್‌ಸ್ಪೆಕ್ಟರು ಅವರತ್ತ ಕಣ್ಣು ಹೊರಳಿಸಿ, ದನಿ ತಗ್ಗಿಸಿದರು.

"ಇವರು ನಿಮಗೆ ಏನಾಗಬೇಕೋ ಗೊತ್ತಿಲ್ಲ. ಪಾಪ, ದಾರಿಯುದ್ದಕ್ಕೂ ಹಲ್ಲು ಕಟಕಟ ಕಡೀತಾನೇ ಇದ್ರು. ನನಗೇ ನೋಡೋಕಾಗ್ಲಿಲ್ಲ. ತಡ ಮಾಡ್ಬೇಡಿ, ಯಾರಾದ್ರೂ ಒಳ್ಳೇ ಹಲ್ಲಿನ ಡಾಕ್ಟರಿಗೆ ತೋರಿಸಿ."

ಮೇಡಂ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಹುಡುಕ್ತಾ ಇದ್ದೀನಿ ಸರ್," ಎಂದರು. "ಮದುವೆಯಾಗಿ ಹದಿನಾರು ವರ್ಷ ಆಯ್ತು, ಇನ್ನೂ ಸಿಕ್ಕಿಲ್ಲ."